ಗಾಳಿಬೀಡಿನ ಬೇರು, ಕಕ್ಕಬ್ಬೆಯ ಬಂಡೆ

ಗುರುವಾರ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ವಾರವನ್ನೇ ಈ ಸೈಕಲ್ ಪ್ರವಾಸಕ್ಕೆ ಆರಿಸಿಕೊಂಡದ್ದು ಮಣ್ಣಿನ ಸಲುವಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ತೋಟದ ದಾರಿಗಳಿಗೆ ಮೌಂಟನ್ ಬೈಕ್ ಇಳಿಸುವುದು ದಾರಿಗೂ ಒಳ್ಳೆಯದಲ್ಲ, ಸವಾರರಿಗೂ ಅಲ್ಲ. ಟೈರು ಹೋದಲ್ಲೆಲ್ಲ ಜಾಡು ಬಿದ್ದು ಮುಂದಿನ ಮಳೆಗೆ ಅದೇ ಕಾಲುವೆಯಾಗುತ್ತದೆ. ಫೆಬ್ರವರಿ ಹೊತ್ತಿಗೆ ಅದೇ ಮಣ್ಣು ಪುಡಿಯಾಗಿ ಗಟ್ಟಿ ನೆಲದ ಮೇಲೆ ಸಡಿಲವಾಗಿ ಕೂತಿರುತ್ತದೆ, ತಿರುವಿನಲ್ಲಿ ಮುಂದಿನ ಚಕ್ರ ಹೇಳದೆ ಕೇಳದೆ ಜಾರುತ್ತದೆ. ಇವೆರಡರ ನಡುವೆ, ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ, ಮೇಲೆ ಒಣಗಿ ಒಳಗೆ ತೇವ ಹಿಡಿದುಕೊಂಡಿರುವ ದಿನಗಳು ಸಿಗುತ್ತವೆ. ಟೈರಿನ ಹಲ್ಲುಗಳು ನೆಲವನ್ನು ಕಚ್ಚಿ ಹಿಡಿಯುವ ದಿನಗಳು ಅವು.

ಜೊತೆಗೆ ಬಂದವಳು ಅಕ್ಕನ ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಸೈಕಲ್ ವಿಷಯಕ್ಕೆ ಬಂದರೆ ಮನೆಯಲ್ಲಿ ಯಾರ ಮಾತನ್ನೂ ಸುಲಭಕ್ಕೆ ಒಪ್ಪುವವಳಲ್ಲ. ಅವಳದು ಹಾರ್ಡ್‌ಟೇಲ್: ಮುಂದೆ 130 ಮಿ.ಮೀ. ಸಸ್ಪೆನ್ಷನ್, ಹಿಂದೆ ಏನೂ ಇಲ್ಲ. ನನ್ನದಕ್ಕೆ ಎರಡೂ ಕಡೆ ಇದೆ. ಹಾರ್ಡ್‌ಟೇಲ್‌ನಲ್ಲಿ ಕಲಿತವರ ಕಾಲು ಚುರುಕಾಗಿರುತ್ತದೆ ಎಂದು ನಾನು ನಂಬಿದ್ದೇನೆ. ಹಿಂದಿನ ಚಕ್ರ ಕಲ್ಲಿಗೆ ಬಡಿದ ಸುದ್ದಿ ನೇರವಾಗಿ ಮಂಡಿಗೆ ತಲುಪುವುದರಿಂದ ಮುಂದಿನ ಕಲ್ಲಿಗೆ ದೇಹ ತಾನಾಗಿ ಸಿದ್ಧವಾಗುತ್ತದೆ.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ ಹಾದು ಮಡಿಕೇರಿಗೆ ಸುಮಾರು 120 ಕಿ.ಮೀ. ಊಟದ ಹೊತ್ತಿಗೆ ಗಾಳಿಬೀಡಿನ ಗೆಳೆಯನ ತೋಟದಲ್ಲಿದ್ದೆವು. ಅರೇಬಿಕಾ, ಮೇಲೆ ಸಿಲ್ವರ್ ಓಕ್ ನೆರಳು, ಮರಕ್ಕೆ ಹಬ್ಬಿದ ಕರಿಮೆಣಸು. ಹಣ್ಣು ಕೊಯ್ಲು ನಡೆಯುತ್ತಿತ್ತು, ಕಣದ ತುಂಬ ಕೆಂಪು ಹಣ್ಣು ಹರಡಿತ್ತು. ತೋಟದ ಮೇಲ್ಭಾಗಕ್ಕೆ ಅವನ ಬಾಣೆ ಜಾಗವಿದೆ. ಕಾಫಿ ಇಲ್ಲದ, ಕಾಡುಮರ ಉಳಿಸಿಕೊಂಡಿರುವ ಇಳಿಜಾರು. ಅಲ್ಲಿ ಅವನು ಬಿಡುವಾದಾಗಲೆಲ್ಲ ಗುದ್ದಲಿ ಹಿಡಿದು ಒಂದು ಟ್ರೇಲ್, ಅಂದರೆ ಮೌಂಟನ್ ಬೈಕ್ ಓಡಿಸುವ ಕಿರುದಾರಿ, ಮಾಡುತ್ತಾ ಬಂದಿದ್ದಾನೆ. ನಾವು ಬಂದದ್ದು ಅದಕ್ಕೇ.

‘ಮೊದಲು ಗಾಳಿ ಇಳಿಸಿ ಮಾರಾಯ, ರೋಡಿನ ಗಾಳಿ ಇಲ್ಲಿ ಆಗುವುದಿಲ್ಲ’ ಎಂದ. ಟ್ಯೂಬ್‌ಲೆಸ್ ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐಗೆ ಇಳಿಸಿದೆವು. ಟೈರು ಮೆತ್ತಗಾದಷ್ಟೂ ಬೇರು, ಕಲ್ಲುಗಳ ಮೇಲೆ ಹರಡಿ ಹಿಡಿತ ಕೊಡುತ್ತದೆ. ತೀರಾ ಇಳಿಸಿದರೆ ಕಲ್ಲಿನ ಅಂಚಿಗೆ ರಿಮ್ಮೇ ಬಡಿಯುತ್ತದೆ. ಸವಾರರ ತೂಕ, ಟೈರಿನ ಅಗಲ ನೋಡಿ ಈ ಅಂಕಿ ಹೆಚ್ಚುಕಡಿಮೆಯಾಗುತ್ತದೆ.

ಸಂಜೆಗೆ ಸಿಕ್ಕಿದ್ದು ಬೇರುಗಳ ಇಳಿಜಾರು ಮಾತ್ರ. ಬಾಣೆಯ ಹಳೆಯ ಹಲಸಿನ ಮರವೊಂದು ತನ್ನ ಬೇರುಗಳನ್ನು ದಾರಿಗೆ ಅಡ್ಡ, ಓರೆ, ಉದ್ದ ಎಲ್ಲ ದಿಕ್ಕಿಗೂ ಚಾಚಿದೆ. ನೇರ ಅಡ್ಡವಾಗಿರುವ ಬೇರು ಅಂಥ ಕಷ್ಟವಲ್ಲ, ಮುಂದಿನ ಚಕ್ರ ಹಗುರ ಮಾಡಿದರೆ ದಾಟುತ್ತದೆ. ಕಷ್ಟ ಇರುವುದು ಓರೆ ಬೇರಿನಲ್ಲಿ. ಚಕ್ರ ಅದರ ಮೇಲೆ ಹತ್ತುವ ಬದಲು ಅದರ ಉದ್ದಕ್ಕೂ ಜಾರಿಕೊಂಡು ಹೋಗುತ್ತದೆ. ಅದರಲ್ಲೂ ಮರದ ನೆರಳಿಗೆ ಬೇರು ಸಂಜೆಯವರೆಗೂ ಒದ್ದೆಯಾಗಿಯೇ ಇರುತ್ತದೆ. ಇಲ್ಲಿ ಉಪಾಯ ಒಂದೇ: ವೇಗ ತಗ್ಗಿಸುವುದೆಲ್ಲ ಬೇರಿಗೆ ಮುಂಚೆ ಮುಗಿಯಬೇಕು. ಬೇರಿನ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ಸೈಕಲ್ ವಾಲಿಸಬಾರದು. ಸಾಧ್ಯವಿದ್ದಷ್ಟೂ ಬೇರನ್ನು ನೇರವಾಗಿ ಕತ್ತರಿಸುವ ಕೋನದಲ್ಲಿ ಬರಬೇಕು.

ಇವಳು ಸೈಕಲ್ ಹತ್ತುವ ಮೊದಲು ನಡೆದು ನೋಡಿದಳು. ಮೇಲಿನಿಂದ ಕೆಳಕ್ಕೆ ಅಲ್ಲ, ಕೆಳಗಿನಿಂದ ಮೇಲಕ್ಕೆ.

‘ಯಾಕೆ ಹಾಗೆ?’ ಎಂದೆ.

‘ಎಲ್ಲಿ ಮುಗೀಬೇಕು ಅಂತ ಗೊತ್ತಾದ್ರೆ ಎಲ್ಲಿ ಶುರು ಮಾಡ್ಬೇಕು ಅಂತ ಗೊತ್ತಾಗತ್ತೆ ಮಾವ.’

ಇದು ಸರಿಯಾದ ಪದ್ಧತಿ. ಕೊನೆಯ ಬೇರಿನ ನಂತರ ದಾರಿ ಎಡಕ್ಕೆ ತಿರುಗುವುದಿದ್ದರೆ ಆ ಬೇರನ್ನು ಬಲ ತುದಿಯಲ್ಲಿ ದಾಟಬೇಕು. ಅದಕ್ಕೆ ಹಿಂದಿನದನ್ನು ನಡುವೆ. ಹೀಗೆ ಒಂದೊಂದೇ ಹಿಂದೆ ಹೋದರೆ ಮೇಲಿನ ಸಿಲ್ವರ್ ಓಕ್ ಮರದ ಬುಡದಲ್ಲಿ ಚಕ್ರ ಎಲ್ಲಿರಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ಸವಾರರು ಲೈನ್ ಎನ್ನುವುದು ಇದನ್ನೇ. ಅವಳು ಆ ಲೈನಿನಲ್ಲೇ ಇಳಿದಳು, ನಾನೂ ಅದನ್ನೇ ಹಿಡಿದು ಇಳಿದೆ. ಐದೂವರೆಗೆ ಗೆಳೆಯ ‘ಸಾಕು, ಇನ್ನು ಆನೆ ಓಡಾಡುವ ಹೊತ್ತು’ ಎಂದು ಎಲ್ಲರನ್ನೂ ಹೊರಡಿಸಿದ.

ರಾತ್ರಿ ಅಕ್ಕಿ ರೊಟ್ಟಿ, ಕಾಚಂಪುಳಿ ಹಾಕಿದ ಪಂದಿ ಕರಿ. ಒಲೆಯ ಹತ್ತಿರ ಕೂತು ಈ ಆಟದ ಹುಟ್ಟಿನ ಕಥೆ ಬಂತು. ಕ್ಯಾಲಿಫೋರ್ನಿಯಾದ ಮೆರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಬೆಟ್ಟದ ದಾರಿಯೊಂದರಲ್ಲಿ ಇಳಿಯುವ ಪಂದ್ಯ ಶುರು ಮಾಡಿದರು. ಆ ಸೈಕಲ್‌ಗಳದು ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್. ಒಂದು ಸಲ ಇಳಿಯುವಷ್ಟರಲ್ಲಿ ಚಕ್ರದ ನಡುವಿನ ಹಬ್‌ನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಿಯೇ ಮುಂದಿನ ಸಲ. ಗ್ರೀಸ್ ಮರಳಿ ತುಂಬುವ ಆ ಕೆಲಸದಿಂದಲೇ ಆ ದಾರಿಗೆ ರಿಪ್ಯಾಕ್ ಎಂಬ ಹೆಸರು ಬಿತ್ತು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಸ್ಪರ್ಧೆ ಸೇರಿತು. ನಮ್ಮ ಪಕ್ಕದ ಕೇರಳದ ಪೊನ್ಮುಡಿಯಲ್ಲಿ 2023ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಆಯಿತು. ಪೊನ್ಮುಡಿಯೂ ಪಶ್ಚಿಮ ಘಟ್ಟವೇ, ಕೊಡಗೂ ಪಶ್ಚಿಮ ಘಟ್ಟವೇ ಎಂದು ನೆನೆದಾಗ ನನಗೆ ಆಸೆ ಹುಟ್ಟುತ್ತದೆ, ಮುಚ್ಚಿಡುವುದಿಲ್ಲ.

ಶುಕ್ರವಾರ

ಬೆಳಗ್ಗೆ ಮಂಜು ಎಂಟೂವರೆಯವರೆಗೂ ಬಾಣೆಯಿಂದ ಏಳಲಿಲ್ಲ. ಬೆಲ್ಲದ ಕಾಪಿ ಕುಡಿದು ಕಾದೆವು. ಗೆಳೆಯ ತನ್ನ ಟ್ರೇಲಿನ ಕವಲುಗಳಲ್ಲಿ ಸಣ್ಣ ಹಲಗೆ ನೆಟ್ಟು ದಾರಿ ಎಷ್ಟು ಕಷ್ಟ ಎಂಬ ಗುರುತು ಬರೆದಿದ್ದಾನೆ: ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಹಿಮದ ಮೇಲೆ ಸ್ಕೀ ಆಡುವ ಜಾಗಗಳಿಂದ ಬಂದ ಈ ಗುರುತುಗಳನ್ನು ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘಟನೆ, ಅಂದರೆ ಇಂಬಾ, ಸೈಕಲ್ ದಾರಿಗೆ ಹೊಂದಿಸಿತು. ಅದರ ಪ್ರಕಾರ ತಪ್ಪಿಸಿಕೊಳ್ಳಲಾಗದ ಅಡ್ಡಿ ಹಸಿರು ದಾರಿಯಲ್ಲಿ 2 ಇಂಚು, ನೀಲಿಯಲ್ಲಿ 8 ಇಂಚು, ಕಪ್ಪಿನಲ್ಲಿ 15 ಇಂಚು ಎತ್ತರದವರೆಗೆ ಇರಬಹುದು. ಅದಕ್ಕೂ ಮೇಲಿನದು ಜೋಡಿ ಕಪ್ಪು ವಜ್ರ. ಗೆಳೆಯನ ತೋಟದಲ್ಲಿ ಜೋಡಿ ವಜ್ರ ಇಲ್ಲ, ಬೇಕಾಗಿಯೂ ಇಲ್ಲ.

ಮೊದಲು ಬರುವುದು ಬಿದ್ದ ಮರ. ಮಳೆಗಾಲದಲ್ಲಿ ದಾರಿಗೆ ಅಡ್ಡ ಉರುಳಿದ ಸಿಲ್ವರ್ ಓಕ್ ದಿಮ್ಮಿಯನ್ನು ತೆಗೆಯದೆ, ಎರಡೂ ಬದಿಗೆ ಸಣ್ಣ ಕಲ್ಲು ಪೇರಿಸಿ ಅಲ್ಲೇ ಬಿಟ್ಟಿದ್ದಾನೆ. ಮುಂದಿನ ಚಕ್ರವನ್ನು ಕೈಯಿಂದ ಎಳೆದು ಎತ್ತುವುದಲ್ಲ. ಮೊದಲು ದೇಹ ತಗ್ಗಿಸಿ ಫೋರ್ಕನ್ನು, ಅಂದರೆ ಮುಂದಿನ ಸಸ್ಪೆನ್ಷನ್ನನ್ನು, ಅದುಮಬೇಕು, ಅದು ಪುಟಿಯುವಾಗ ಸೊಂಟ ಹಿಂದೆ ಸರಿಸಿದರೆ ಚಕ್ರ ಏಳುತ್ತದೆ. ದಿಮ್ಮಿಯ ಮೇಲೆ ಮುಂದಿನ ಚಕ್ರ ಕೂತ ಕೂಡಲೇ ತೂಕ ಮುಂದಕ್ಕೆ ತಂದು ಹಿಂದಿನ ಚಕ್ರಕ್ಕೆ ದಾರಿ ಬಿಡಬೇಕು. ಹೊಸಬರು ಅರ್ಧ ಕೆಲಸ ಮಾಡಿ ನಿಂತುಬಿಡುತ್ತಾರೆ, ಹಿಂದಿನ ಚಕ್ರ ದಿಮ್ಮಿಗೆ ಗುದ್ದಿ ಸವಾರರನ್ನು ಮುಂದಕ್ಕೆ ಎಸೆಯುತ್ತದೆ.

ಅದರ ಮುಂದೆ ತೋಡು. ಈಗ ಪಾದ ಮುಳುಗುವಷ್ಟು ನೀರು. ಅದಕ್ಕೆ ಅಡ್ಡಲಾಗಿ ಮರದ ಹಲಗೆಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಹೊಡೆದು ಸೇತುವೆ ಕಟ್ಟಿದ್ದಾನೆ, ಅಗಲ ಸುಮಾರು ಒಂದು ಅಡಿ. ಕೆನಡಾದ ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಬೆಟ್ಟಗಳಲ್ಲಿ ಮಳೆ ಜಾಸ್ತಿ. ಕೆಸರು, ಬಿದ್ದ ಮರಗಳನ್ನು ದಾಟಲು ಅಲ್ಲಿನವರು ಇಂಥ ಏಣಿ ಸೇತುವೆ ಕಟ್ಟುತ್ತಾ ಕಟ್ಟುತ್ತಾ, 1990ರ ದಶಕದಲ್ಲಿ ಅದನ್ನೇ ಆಟವಾಗಿ ಬೆಳೆಸಿದರು. ತೀರಾ ಕಿರಿದಾದ ಇಂಥ ಹಲಗೆಗೆ ಸ್ಕಿನ್ನಿ ಎನ್ನುತ್ತಾರೆ. ಮಳೆ ನಾಡಿನಲ್ಲಿ ಹುಟ್ಟಿದ ಈ ಉಪಾಯ ಗಾಳಿಬೀಡಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ಇಲ್ಲಿಯದೇ ಅನ್ನಿಸುತ್ತದೆ. ಹಲಗೆಯ ಮೇಲೆ ಕೋಳಿ ಬಲೆಯನ್ನು ಮೊಳೆ ಹೊಡೆದು ಕೂರಿಸಿದ್ದಾನೆ. ಪಾಚಿ ಹಿಡಿದ ಬರೀ ಮರದ ಮೇಲೆ ಟೈರು ನಿಲ್ಲುವುದಿಲ್ಲ.

ಸ್ಕಿನ್ನಿಯಲ್ಲಿ ಕಣ್ಣು ಎಲ್ಲಿದೆಯೋ ಚಕ್ರ ಅಲ್ಲಿಗೆ ಹೋಗುತ್ತದೆ. ಚಕ್ರದ ಮುಂದಿನ ಹಲಗೆ ನೋಡಿದರೆ ಸೈಕಲ್ ತೂರಾಡುತ್ತದೆ, ತೋಡು ನೋಡಿದರೆ ತೋಡಿಗೇ ಇಳಿಯುತ್ತದೆ. ಆ ಬದಿಯ ಕೊನೆ ಹಲಗೆಯ ಮೇಲೆ ನೋಟ ನೆಟ್ಟು, ನಡಿಗೆಗಿಂತ ತುಸು ಹೆಚ್ಚು ವೇಗದಲ್ಲಿ, ಹಿಂದಿನ ಬ್ರೇಕನ್ನು ಒಂದು ಬೆರಳಲ್ಲಿ ಸಣ್ಣಗೆ ಹಿಡಿದುಕೊಂಡೇ ಪೆಡಲ್ ತುಳಿಯಬೇಕು. ಬ್ರೇಕಿಗೂ ಪೆಡಲಿಗೂ ನಡುವಿನ ಆ ಜಗ್ಗಾಟದಲ್ಲಿ ಸಮತೋಲ ಸಿಗುತ್ತದೆ. ಅಕ್ಕನ ಮಗಳು ಇದನ್ನು ಮನೆಯ ಮುಂದಿನ ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವಳು. ಗದ್ದೆಯ ಬದುವಿನ ಮೇಲೆ ಅಭ್ಯಾಸ ಮಾಡುವವರನ್ನು ಕಂಡಿದ್ದೇನೆ, ಅದು ಬೇಡ. ಬದು ಒಡೆದರೆ ನೀರು ನಿಲ್ಲುವುದಿಲ್ಲ, ಇನ್ನೊಬ್ಬರ ಬೆಳೆಯ ವಿಷಯ ಅದು.

ತೋಡು ದಾಟಿದರೆ ಹಳೆಯ ಜೀಪ್ ದಾರಿ. ಬಿಟ್ಟು ಎಷ್ಟೋ ಮಳೆಗಾಲ ಕಳೆದಿದೆ. ಮಣ್ಣು ಕೊಚ್ಚಿ ಹೋಗಿ ಕಲ್ಲು ಮಾತ್ರ ಉಳಿದಿದೆ, ಮುಷ್ಟಿ ಗಾತ್ರದಿಂದ ಹಿಡಿದು ರುಬ್ಬುವ ಕಲ್ಲಿನ ಗಾತ್ರದವರೆಗೆ. ಇದು ರಾಕ್ ಗಾರ್ಡನ್. ಇಡೀ ಟ್ರೇಲಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಏಕೆಂದರೆ ಇದನ್ನು ಯಾರೂ ಕಟ್ಟಿಲ್ಲ. ನೀರು ಯಾವ ಕಲ್ಲನ್ನು ಎಲ್ಲಿ ಬಿಟ್ಟಿತೋ ಅಲ್ಲೇ ಇದೆ, ಪ್ರತಿ ಮಳೆಗಾಲದ ನಂತರ ಕೆಲವು ಸ್ಥಾನ ಬದಲಿಸುತ್ತವೆ. ಕಳೆದ ವರ್ಷದ ಲೈನ್ ಈ ವರ್ಷ ನಡೆಯುವುದಿಲ್ಲ.

ಇಲ್ಲಿ ಹೆದರಿ ನಿಧಾನ ಮಾಡಿದರೆ ಚಕ್ರ ಎರಡು ಕಲ್ಲಿನ ಸಂದಿಯಲ್ಲಿ ಕೂತುಬಿಡುತ್ತದೆ. ಅತಿ ವೇಗವಾದರೆ ಹ್ಯಾಂಡಲ್ ಕೈಯಲ್ಲಿ ಉಳಿಯುವುದಿಲ್ಲ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿಟ್ಟು, ಹಿಮ್ಮಡಿ ತಗ್ಗಿಸಿ, ಮೊಣಕೈ ಹೊರಗೆ ಮಡಚಿ, ಸೀಟನ್ನು ಡ್ರಾಪರ್ ಪೋಸ್ಟಿನಿಂದ, ಅಂದರೆ ಸವಾರಿಯಲ್ಲೇ ಏರಿಳಿಸಬಹುದಾದ ಸೀಟಿನ ಕಂಬದಿಂದ, ಪೂರ್ತಿ ಕೆಳಗೆ ಇಳಿಸಿ ನಿಲ್ಲಬೇಕು. ತೂಕವೆಲ್ಲ ಪಾದದಲ್ಲಿ, ಕೈ ಹಗುರ. ಸೈಕಲ್ ಕೆಳಗೆ ತನ್ನಷ್ಟಕ್ಕೆ ಕುಣಿಯಲಿ, ಮೇಲಿನ ದೇಹ ನೆಟ್ಟಗಿರಲಿ. ಕಣ್ಣು ಮೂರ್ನಾಲ್ಕು ಮೀಟರ್ ಮುಂದೆ. ಚಕ್ರದ ಕೆಳಗಿನ ಕಲ್ಲಿಗೆ ಈಗ ಮಾಡಬಹುದಾದದ್ದು ಏನೂ ಇಲ್ಲ, ಅದರ ನಿರ್ಧಾರ ಆಗಲೇ ಆಗಿಹೋಗಿದೆ.

ಇಲ್ಲಿ ನಮಗಿಬ್ಬರಿಗೆ ವಾದವಾಯಿತು. ನಾನು ಬಲ ಬದಿಯ ಬರೆಗೆ, ಅಂದರೆ ಕಡಿದಾದ ಮಣ್ಣಿನ ದಂಡೆಗೆ, ಹತ್ತಿರವಾಗಿ, ಸಣ್ಣ ಕಲ್ಲುಗಳ ನಡುವೆ ಹಾದುಹೋಗುವ ಲೈನ್ ತೋರಿಸಿದೆ. ಅವಳು ನಡುವಿನ ದೊಡ್ಡ ಕಲ್ಲುಗಳ ತಲೆಯ ಮೇಲಿಂದಲೇ ಹೋಗುತ್ತೇನೆ ಎಂದಳು.

‘ಸಣ್ಣ ಕಲ್ಲು ಅಲ್ಲಾಡ್ತವೆ ಮಾವ, ದೊಡ್ಡದು ಅಲ್ಲಾಡಲ್ಲ. ನಿಂತಿರೋ ಕಲ್ಲನ್ನ ನಂಬ್ಬೋದು.’

ಗೆಳೆಯ ಅವಳ ಕಡೆ. ನೋಡಿದರೆ ಅವಳ ಲೈನಿನಲ್ಲಿ ತಿರುವುಗಳೂ ಕಡಿಮೆ. ಮೂರು ದೊಡ್ಡ ಕಲ್ಲುಗಳ ನೆತ್ತಿಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಅವಳು ಆ ನೆತ್ತಿಗಳನ್ನು ಮುಟ್ಟಿ ಮುಟ್ಟಿ ಇಳಿದುಹೋದ ರೀತಿ ನೋಡಿ ಕೊಯ್ಲಿಗೆ ಬಂದಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ಚಪ್ಪಾಳೆ ಹೊಡೆದರು. ತೋಟದ ರೈಟರ್ ಕೂಡ ಲೆಕ್ಕದ ಪುಸ್ತಕ ಮುಚ್ಚಿ ನಿಂತು ನೋಡಿದರು.

ಊಟದ ನಂತರ ಡ್ರಾಪ್. ಹಳೆಯ ಜೀಪ್ ದಾರಿ ಮುಗಿಯುವಲ್ಲಿ ಬರೆಯ ಅಂಚು ಎರಡೂವರೆ ಅಡಿ ನೇರ ಕಡಿದಿದೆ. ಅದರ ಕೆಳಗೆ ಗೆಳೆಯ ಮಣ್ಣು ಪೇರಿಸಿ ಇಳಿಜಾರಾದ ಲ್ಯಾಂಡಿಂಗ್ ಮಾಡಿದ್ದಾನೆ. ಡ್ರಾಪ್ ಎಂದರೆ ಎಲ್ಲರೂ ಎತ್ತರ ಕೇಳುತ್ತಾರೆ. ಕೇಳಬೇಕಾದದ್ದು ಲ್ಯಾಂಡಿಂಗ್ ಹೇಗಿದೆ ಎಂದು. ಇಳಿಜಾರಿಗೆ ಇಳಿದರೆ ಬಿದ್ದ ವೇಗ ಮುಂದಕ್ಕೆ ಹರಿದುಹೋಗುತ್ತದೆ. ಅಷ್ಟೇ ಎತ್ತರದಿಂದ ಸಮತಟ್ಟು ನೆಲಕ್ಕೆ ಬಿದ್ದರೆ ಇಡೀ ಪೆಟ್ಟು ಕಣಕಾಲಿಗೆ, ಮಣಿಕಟ್ಟಿಗೆ ಬರುತ್ತದೆ. ಒಳ್ಳೆಯ ಲ್ಯಾಂಡಿಂಗ್ ಇರುವ ನಾಲ್ಕು ಅಡಿ, ಕೆಟ್ಟ ಲ್ಯಾಂಡಿಂಗಿನ ಎರಡು ಅಡಿಗಿಂತ ಸುರಕ್ಷಿತ.

ಈ ಅಂಚು ನೇರ ಕಡಿದಿರುವುದರಿಂದ ನಿಧಾನವಾಗಿ ಉರುಳಿಸಿ ಇಳಿಯುವ ಹಾಗಿಲ್ಲ. ಮುಂದಿನ ಚಕ್ರ ಕೆಳಗೆ ಹೋಗುವಾಗ ಪೆಡಲಿನ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, ಅಂಚಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ಚಕ್ರ ಗಾಳಿಯಲ್ಲಿ ಹೋಗುವಷ್ಟು ವೇಗ ಬೇಕು. ಅಂಚು ಬರುವ ಮೊದಲೇ ಬ್ರೇಕ್ ಬಿಟ್ಟಿರಬೇಕು. ಮುಂದಿನ ಚಕ್ರ ನೆಲ ಬಿಡುವ ಕ್ಷಣಕ್ಕೆ ಕೈ ಚಾಚಿ ಸೈಕಲನ್ನು ಮುಂದಕ್ಕೆ ತಳ್ಳಬೇಕು, ಸೊಂಟ ಹಿಂದೆ ಉಳಿಯಬೇಕು, ಲ್ಯಾಂಡಿಂಗಿನ ಇಳಿಜಾರು ಎಷ್ಟಿದೆಯೋ ಅಷ್ಟೇ ಸೈಕಲಿನ ಮೂತಿ ತಗ್ಗಿಸಬೇಕು. ಅವಳು ಫುಲ್ ಫೇಸ್ ಹೆಲ್ಮೆಟ್, ಮಂಡಿ ಕವಚ ಹಾಕಿಕೊಂಡು ಬಂದು ಅಂಚಿನಲ್ಲಿ ನಿಂತು ನೋಡಿ ಹಿಂದೆ ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಗೆಳೆಯನೂ ನಾನೂ ಏನೂ ಹೇಳಲಿಲ್ಲ. ಇಂಥ ಹೊತ್ತಿನಲ್ಲಿ ‘ಹೋಗು, ಏನಾಗಲ್ಲ’ ಎನ್ನುವುದು ಪ್ರೋತ್ಸಾಹವಲ್ಲ. ಹೆದರಿಕೆ ಅಲ್ಲಿ ಕೆಲಸ ಮಾಡುತ್ತಿರುತ್ತದೆ: ವೇಗ ಲೆಕ್ಕ ಹಾಕುತ್ತಿರುತ್ತದೆ, ಜಾಗ ಅಳೆಯುತ್ತಿರುತ್ತದೆ. ಆಮೇಲೆ ಅವಳೇ ‘ಅಂಕಲ್, ಪಕ್ಕಕ್ಕೆ ಬನ್ನಿ’ ಎಂದು ಕೂಗಿ, ಮೇಲಿನ ಮರದ ಬುಡದಿಂದ ಬಿಟ್ಟು ಬಂದು ಹಾರಿದಳು. ಎರಡೂ ಚಕ್ರ ಒಟ್ಟಿಗೆ ಮಣ್ಣು ಮುಟ್ಟಿದವು. ಕೆಳಗೆ ಹೋಗಿ ನಿಂತವಳ ಮುಖ ಹೆಲ್ಮೆಟ್ಟಿನೊಳಗೆ ಕಾಣಲಿಲ್ಲ. ಆದರೆ ಮೇಲಕ್ಕೆ ಸೈಕಲ್ ತಳ್ಳಿಕೊಂಡು ಬಂದ ವೇಗ ನೋಡಿದರೆ ಸಾಕಿತ್ತು.

ಶನಿವಾರ

ಕಾರಿನಲ್ಲಿ ಸೈಕಲ್ ಹೇರಿ ಮೂರ್ನಾಡು, ನಾಪೋಕ್ಲು ದಾಟಿ ಕಕ್ಕಬ್ಬೆಗೆ. ಜೇನಿಗೆ ಹೆಸರಾದ ಊರು, ಮೇಲೆ ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್, 1,748 ಮೀಟರ್. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ನಾಲ್ಕುನಾಡು ಅರಮನೆ ಬೆಟ್ಟದ ಬುಡದಲ್ಲಿದೆ. ತಡಿಯಂಡಮೋಳ್ ಹಾದಿ ನಡೆಯುವವರದು, ಕಾಡಿನ ಒಳಗಿನದು. ಅಲ್ಲಿಗೆ ಸೈಕಲ್ ಒಯ್ಯಲಿಲ್ಲ. ಅರಮನೆಯವರೆಗೆ ಟಾರು ರಸ್ತೆಯ ಏರು ತುಳಿದು, ಅಲ್ಲಿಂದ ಹೋಂಸ್ಟೇಯವರ ತೋಟದೊಳಗಿನ ದಾರಿಯಲ್ಲಿ ಇಳಿಯಲು ಮೊದಲೇ ಒಪ್ಪಿಗೆ ಕೇಳಿಕೊಂಡಿದ್ದೆವು. ಕೊಡಗಿನಲ್ಲಿ ದಾರಿಯಂತೆ ಕಾಣುವುದೆಲ್ಲ ಸಾರ್ವಜನಿಕ ದಾರಿಯಲ್ಲ. ತೋಟದ್ದು ಯಜಮಾನರದು, ಕಾಡಿನದು ಅರಣ್ಯ ಇಲಾಖೆಯದು, ದೇವರಕಾಡು ಊರಿನ ದೇವರದು. ಅಲ್ಲಲ್ಲಿ ಕಾಣುವ ಕಡಂಗಗಳು, ಹಿಂದೆ ಯುದ್ಧಕ್ಕೂ ಗಡಿಗೂ ತೋಡಿದ ಆ ಆಳವಾದ ಕಂದಕಗಳು, ಸವಾರರ ಕಣ್ಣಿಗೆ ಎರಡೂ ಬದಿ ಏರಿದ ಹಾಫ್ ಪೈಪಿನಂತೆ ಕಂಡು ಕಾಲು ತುಡಿಯುತ್ತದೆ. ಟೈರು ಹತ್ತಿಸಿದರೆ ಅವುಗಳ ದಿಬ್ಬ ಕುಸಿಯುತ್ತದೆ. ಅಷ್ಟು ವರ್ಷ ಉಳಿದದ್ದನ್ನು ಒಂದು ಮಧ್ಯಾಹ್ನದ ಖುಷಿಗೆ ಕೆಡಿಸುವ ಹಕ್ಕು ಯಾರಿಗೂ ಇಲ್ಲ.

ಕಕ್ಕಬ್ಬೆಯ ನೆಲ ಗಾಳಿಬೀಡಿನದಲ್ಲ. ಇಲ್ಲಿ ಬಿಡಿ ಕಲ್ಲಿಗಿಂತ ಹಾಸುಬಂಡೆ ಹೆಚ್ಚು. ಒಣಗಿದ ಬಂಡೆ ಟೈರಿಗೆ ಅದ್ಭುತ ಹಿಡಿತ ಕೊಡುತ್ತದೆ, ಕಡಿದಾದ ಇಳಿಜಾರಿನಲ್ಲೂ ಧೈರ್ಯವಾಗಿ ನಿಲ್ಲಬಹುದು. ಒದ್ದೆಯಾಗಿ ಪಾಚಿ ಕಪ್ಪಾಗಿದ್ದರೆ ಇಳಿದು ನಡೆಯುವುದೇ ಸರಿ. ಇಂಥ ಬಂಡೆಯನ್ನು ಉರುಳಿಸಿ ಇಳಿಯುವುದಕ್ಕೆ ರಾಕ್ ರೋಲ್ ಎನ್ನುತ್ತಾರೆ. ಬಂಡೆಯ ಮೇಲೆ ನಿಂತಾಗ ಕೆಳಭಾಗ ಕಾಣುವುದೇ ಇಲ್ಲ, ಇದರ ಕಷ್ಟ ಅಲ್ಲಿದೆ. ಬಂಡೆ ನೆಲ ಸೇರುವ ಜಾಗದಲ್ಲಿ ಗುಂಡಿ ಇದ್ದರೆ ಮುಂದಿನ ಚಕ್ರ ಅಲ್ಲಿ ನೆಟ್ಟುಕೊಳ್ಳುತ್ತದೆ. ಅದಕ್ಕೇ ಕೆಳಗೆ ಹೋಗಿ ಆ ಸಂದು ನೋಡಿ, ಕಲ್ಲು ತುಂಬಿ ಸರಿಮಾಡಿದ ಮೇಲೆಯೇ ಮೇಲೆ ಹತ್ತಬೇಕು.

ಬಂಡೆಗಳ ಕೆಳಗೆ ತೋಟದ ದಾರಿ ಹಿಮ್ಮುರಿ ತಿರುವುಗಳಲ್ಲಿ ಇಳಿಯುತ್ತದೆ. ಕಾಫಿ ತುಂಬಿದ ಜೀಪು ತಿರುಗಲು ಮಾಡಿದ ತಿರುವುಗಳಾದ್ದರಿಂದ ಅಗಲ ಇದೆ. ಆದರೆ ಒಳಬದಿಯಲ್ಲಿ ನೀರು ಕೊರೆದ ಚರಂಡಿ, ಹೊರಬದಿಯಲ್ಲಿ ಸಿಲ್ವರ್ ಓಕಿನ ಒಣ ಎಲೆ. ಆ ಎಲೆಯ ರಾಶಿ ಜಾರುವಷ್ಟು ಬೇರೆ ಯಾವುದೂ ಜಾರುವುದಿಲ್ಲ. ಹೊರಗಿನಿಂದ ಅಗಲವಾಗಿ ಬಂದು, ತಿರುವಿಗೆ ಮೊದಲೇ ವೇಗ ಇಳಿಸಿ, ಗದ್ದವನ್ನು ಭುಜದ ಮೇಲಿಂದ ತಿರುಗಿಸಿ ಹೊರದಾರಿ ನೋಡಿದರೆ ಸೈಕಲ್ ಹಿಂದೆಯೇ ತಿರುಗುತ್ತದೆ. ಕೆಲಸಗಾರರು ಬರುತ್ತಿದ್ದರೆ ದೂರದಲ್ಲೇ ಇಳಿದು ನಿಂತೆವು, ಅವರ ತಲೆಯ ಮೇಲೆ ಮೂಟೆ ಇತ್ತು.

ಹೋಂಸ್ಟೇಯ ಅಜ್ಜಿ ರಾತ್ರಿ ಕಡಂಬಟ್ಟು ಬಡಿಸುತ್ತಾ ಅಕ್ಕನ ಮಗಳ ಮೊಣಕೈಯ ತರಚು ನೋಡಿ ‘ಇದೆಂಥ ಮಗಳೇ, ದಾರಿ ಇರುವಾಗ ಕಲ್ಲಿನ ಮೇಲೆ ಯಾಕೆ ಹೋಗುವುದು?’ ಎಂದರು.

‘ಅಜ್ಜಿ, ನಾಳೆ ಬೆಳಿಗ್ಗೆ ಬಂದು ನೋಡಿ, ಆಮೇಲೆ ಹೇಳಿ’ ಎಂದಳು.

ಅಜ್ಜಿ ನಿಜವಾಗಿಯೂ ಬಂದರು, ಶಾಲು ಹೊದ್ದು, ಕೋಲು ಹಿಡಿದು. ಬಂಡೆಯ ಪಕ್ಕ ನಿಂತು ಅವಳು ಇಳಿದದ್ದನ್ನು ನೋಡಿದರು. ‘ಇನ್ನೊಂದು ಸಲ’ ಎಂದರು.

ಭಾನುವಾರ

ಮಧ್ಯಾಹ್ನಕ್ಕೆ ಮತ್ತೆ ಗಾಳಿಬೀಡು. ಇವತ್ತು ಸವಾರಿಗಿಂತ ಗುದ್ದಲಿ ಕೆಲಸ. ಟ್ರೇಲಿನ ಕೆಳಭಾಗದಲ್ಲಿ ಎರಡು ಬರ್ಮ್‌ಗಳಿವೆ, ಅಂದರೆ ತಿರುವಿನ ಹೊರಬದಿಗೆ ಮಣ್ಣಿನ ಗೋಡೆ ಏರಿಸಿ ವಾಲಿಸಿದ್ದು. ವೇಗ ಕಳೆದುಕೊಳ್ಳದೆ, ಚಕ್ರ ಗೋಡೆಗೆ ಒತ್ತಿಕೊಂಡೇ ತಿರುಗುತ್ತದೆ. ಪೆಡಲಿನ ಮೇಲಿನ ಕಾಲಿನಿಂದ ಸೈಕಲನ್ನು ಗೋಡೆಗೆ ಒತ್ತಿದರೆ ಹೊರಬರುವಾಗ ವೇಗ ಹೆಚ್ಚಿರುತ್ತದೆ. ಆದರೆ ಮೇಲಿನ ಬರ್ಮಿನಲ್ಲಿ ಮಳೆಗಾಲದ ನೀರು ನಿಂತು ಗೋಡೆಯ ಬುಡ ಮೆತ್ತಗಾಗಿತ್ತು.

ಬರ್ಮ್ ಕಟ್ಟುವವರು ಮೊದಲು ಕಟ್ಟಬೇಕಾದದ್ದು ನೀರಿನ ದಾರಿ. ಗೋಡೆ ಎಂದರೆ ಕಟ್ಟೆ, ಮೇಲಿಂದ ಬಂದ ನೀರಿಗೆ ಅದು ಅಡ್ಡ. ತಿರುವಿಗೆ ಮುಂಚೆಯೇ ನೀರನ್ನು ಹೊರಗೆ ಕಳಿಸಬೇಕು. ಇಂಬಾದವರು ಹೇಳುವ ಕೆಲವು ಅಳತೆಗಳನ್ನು ಗೆಳೆಯ ಬಾಯಿಪಾಠ ಮಾಡಿದ್ದಾನೆ. ಟ್ರೇಲಿನ ಇಳಿಜಾರು, ಅದು ಹಾದುಹೋಗುವ ಬೆಟ್ಟದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಬೆಟ್ಟ ಶೇ 30 ಇದ್ದರೆ ದಾರಿ ಶೇ 15 ಮೀರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವುದು ಬಿಟ್ಟು ದಾರಿಯಲ್ಲೇ ಓಡುತ್ತದೆ. ಒಟ್ಟಾರೆ ಸರಾಸರಿ ಶೇ 10ರ ಒಳಗೆ. ದಾರಿಯ ಮೈ ಕಣಿವೆಯ ಕಡೆಗೆ ಸುಮಾರು ಶೇ 5 ವಾಲಿರಬೇಕು. ಇವೆಲ್ಲಕ್ಕಿಂತ ಚೆಂದದ್ದು ಇನ್ನೊಂದು: ಇಳಿಯುತ್ತಾ ಹೋಗುವ ದಾರಿ ಆಗಾಗ ಒಂದಿಷ್ಟು ಮೇಲೇರಬೇಕು. ಆ ತಗ್ಗಿನಲ್ಲಿ ನೀರು ಹೊರಗೆ ಬೀಳುತ್ತದೆ. ಸವಾರರಿಗೆ ಅದೇ ತಗ್ಗು ಉಬ್ಬು ರೋಲರ್ ಆಗುತ್ತದೆ. ತಗ್ಗಿನಲ್ಲಿ ಕಾಲು ಒತ್ತಿ, ಉಬ್ಬಿನಲ್ಲಿ ಹಗುರವಾದರೆ ಪೆಡಲ್ ತುಳಿಯದೆಯೇ ವೇಗ ಹುಟ್ಟುತ್ತದೆ. ಮಳೆನೀರಿಗೆ ಬೇಕಾದ ಆಕಾರವೂ ಸವಾರರಿಗೆ ಖುಷಿ ಕೊಡುವ ಆಕಾರವೂ ಒಂದೇ ಆಗಿರುವುದನ್ನು ತಿಳಿದ ದಿನದಿಂದ ನಾನು ಯಾವ ಟ್ರೇಲ್ ನೋಡಿದರೂ ಮೊದಲು ನೀರು ಎಲ್ಲಿ ಹೋಗುತ್ತದೆ ಎಂದು ನೋಡುತ್ತೇನೆ.

ಗೆಳೆಯನಿಗೆ ಇದು ಪುಸ್ತಕದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಬೆಟ್ಟಗಳು ಕುಸಿದಾಗ ಈ ಊರಿನವರು ರಾತ್ರಿಗಳನ್ನು ಹೇಗೆ ಕಳೆದರೆಂದು ಅವನು ಹೇಳಿದ್ದಾನೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿಯಿತು. ಸುರಿದದ್ದು ವಿಪರೀತ ಮಳೆ. ಅದರ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದು, ನೀರಿನ ಸಹಜ ಹಾದಿ ಮುಚ್ಚಿದ್ದು ಕೂಡ ಸೇರಿತ್ತು. ಹಾಗಾಗಿ ಅವನ ಟ್ರೇಲಿನಲ್ಲಿ ಜೆಸಿಬಿ ಇಲ್ಲ. ಬರೆ ಕಡಿದು ಅಗಲ ಮಾಡಿದ ಜಾಗವೂ ಇಲ್ಲ. ಇರುವುದು ಗುದ್ದಲಿ, ಹಾರೆ, ಬಾಂಡ್ಲಿ. ಕಾಫಿ ಸಾಲುಗಳ ನಡುವೆ ಮಳೆನೀರು ಹಿಡಿಯಲು ತೆಗೆಯುವ ತೊಟ್ಟಿಲು ಗುಂಡಿಗಳ ಲೆಕ್ಕವನ್ನೇ ಅವನು ಟ್ರೇಲಿಗೂ ತಂದಿದ್ದಾನೆ. ದಾರಿಯಿಂದ ಹೊರಬಿದ್ದ ನೀರು ಒಂದೊಂದು ಗುಂಡಿಗೆ ಇಳಿದು, ಹೂಳು ಅಲ್ಲೇ ಉಳಿದು, ತಿಳಿನೀರು ಮಾತ್ರ ತೋಡು ಸೇರುತ್ತದೆ. ತೋಟದ ತಿಳಿವಳಿಕೆಯಿಂದ ಬಂದ ಈ ಕೆಲಸ ನನಗೆ ಯಾವ ವಿದೇಶಿ ಕೈಪಿಡಿಗಿಂತಲೂ ಹೆಚ್ಚು ನಂಬಿಕೆ ಹುಟ್ಟಿಸಿತು.

ಮೂವರೂ ಸೇರಿ ಬರ್ಮಿಗೆ ಮುಂಚಿನ ಜಾಗದಲ್ಲಿ ಹೆಜ್ಜೆ ಅಗಲದ ತಗ್ಗು ತೆಗೆದೆವು, ತೆಗೆದ ಮಣ್ಣನ್ನು ಗೋಡೆಗೆ ಹಾಕಿ ಗುದ್ದಲಿ ಬೆನ್ನಿನಿಂದ ಬಡಿದೆವು. ನಾಲ್ಕು ಕೊಡ ನೀರು ಮೇಲಿಂದ ಸುರಿದು ನೋಡಿದಾಗ, ನೀರು ತಗ್ಗಿಗೆ ಬಂದು ಒಂದು ಗಳಿಗೆ ನಿಂತು, ಗುಂಡಿಯ ಕಡೆ ತಿರುಗಿತು. ಗೋಡೆಯ ಬುಡ ಒಣಗಿಯೇ ಉಳಿಯಿತು.

ಕೊನೆಗೆ ಟೇಬಲ್‌ಟಾಪ್. ಏರಿ ಹಾರುವ ದಿಬ್ಬ, ನಡುವೆ ಮಟ್ಟ, ಆಚೆ ಇಳಿಯುವ ಇಳಿಜಾರು. ನಡುವಿನ ಜಾಗ ಖಾಲಿ ಬಿಟ್ಟರೆ ಅದು ಡಬಲ್, ಹಾರಿಕೆ ಗಿಡ್ಡವಾದರೆ ಎದುರಿನ ದಿಬ್ಬಕ್ಕೆ ಬಡಿಯುತ್ತೇವೆ. ಟೇಬಲ್‌ಟಾಪಿನಲ್ಲಿ ಗಿಡ್ಡವಾದರೂ ಮಟ್ಟದ ಮೇಲೆ ಇಳಿಯಬಹುದು, ದಿನದಿನಕ್ಕೆ ಉದ್ದ ಹೆಚ್ಚಿಸಿಕೊಂಡು ಕಲಿಯಬಹುದು. ಕಲಿಯುವವರಿಗೆ ಡಬಲ್ ಕಟ್ಟಿಕೊಡುವುದನ್ನು ನಾನು ಒಪ್ಪುವುದಿಲ್ಲ. ಅಕ್ಕನ ಮಗಳಿಗೆ ಡಬಲ್ ಬೇಕು. ಸಂಜೆಯ ಬೆಳಕು ಹೋಗುವವರೆಗೂ ಅವಳು ಟೇಬಲ್‌ಟಾಪ್ ಹಾರಿ ಹಾರಿ, ಹಿಂದಿನ ಚಕ್ರ ಎಲ್ಲಿ ಇಳಿಯುತ್ತಿದೆ ಎಂದು ಪ್ರತಿ ಸಲ ಎಲೆಯೊಂದನ್ನು ಇಟ್ಟು ಗುರುತು ಮಾಡಿದಳು. ಗುರುತುಗಳೆಲ್ಲ ಮಟ್ಟದ ಆಚೆ, ಇಳಿಜಾರಿನ ಮೇಲೆ ಒತ್ತೊತ್ತಾಗಿ ಬಿದ್ದಿದ್ದವು.

ಗೆಳೆಯ ಕೂತು ಆ ಎಲೆಗಳನ್ನು ನೋಡಿದ. ‘ಹೂಮಳೆ ಬಿದ್ದ ಮೇಲೆ ಮಣ್ಣು ಕೂರುತ್ತದೆ. ಆಗ ಕೆಳಗಿನ ಜಾಗದಲ್ಲಿ ಡಬಲ್ ಕಟ್ಟುವ. ಲ್ಯಾಂಡಿಂಗ್ ಇದಕ್ಕಿಂತ ಎರಡು ಅಡಿ ಉದ್ದ ಮಾಡುವ, ಆಯಿತಾ?’ ಎಂದ.

‘ಅಂಕಲ್, ನೀರು ಎಲ್ಲಿ ಹೋಗತ್ತೆ?’ ಎಂದು ಕೇಳಿದಳು. ಅವನು ಎದ್ದು, ಗುದ್ದಲಿ ಹಿಡಿದು, ಜಾಗ ತೋರಿಸಲು ಅವಳನ್ನು ಕರೆದುಕೊಂಡು ಹೋದ.